ಮನೆ–ಮನ: ತೂಕದ ಹೊದಿಕೆಯೂ ಮಕ್ಕಳ ನೆಮ್ಮದಿಯೂ



ಮಳೆಗಾಲ ಬಂತೆಂದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ಅಟ್ಟದ ಮೇಲಿದ್ದ ಕಂಬಳಿಗಳು ಕೆಳಗಿಳಿಯುತ್ತವೆ. ತುಂಗೆ ಕೆಂಪಾಗಿ ಹರಿಯತೊಡಗಿದ ದಿನಗಳಲ್ಲಿ ಶಿವಮೊಗ್ಗದ ನಮ್ಮ ಮನೆಯಲ್ಲಿಯೂ ಅದೇ ಕೆಲಸ ನಡೆದಿತ್ತು. ಆಗ ಭದ್ರಾವತಿಯಿಂದ ಒಂದು ಪತ್ರ ಬಂದಿತು. ಅದೂ ಹೊದಿಕೆಯ ವಿಷಯವಾಗಿಯೇ ಇದ್ದುದು ಕಾಕತಾಳೀಯವೆನ್ನಬೇಕು.

ಪತ್ರ ಬರೆದವರು ಜನ್ನಾಪುರದ ಕಡೆ ವಾಸವಾಗಿರುವ, ಅರವತ್ತೈದು ದಾಟಿದ ತಾಯಿಯೊಬ್ಬರು. ಅವರ ಯಜಮಾನರು ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಎಂಟು ವರ್ಷದ ಮೊಮ್ಮಗ ಮೂರನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಕುಕ್ಕರು ಕೂಗಿದರೆ ಕಿವಿ ಮುಚ್ಚಿಕೊಂಡು ಓಡುತ್ತಾನೆ, ಮದುವೆಮನೆಯ ವಾಲಗ ಕೇಳಿದರೆ ನೆಲಕ್ಕೆ ಬಿದ್ದು ಹೊರಳುತ್ತಾನೆ, ತರಗತಿಯಲ್ಲಿ ಐದು ನಿಮಿಷ ಕುಳಿತರೆ ಅದೇ ದೊಡ್ಡದು. ಬೆಂಗಳೂರಿನ ವೈದ್ಯರು ಪರೀಕ್ಷಿಸಿ, ಮಗುವಿಗೆ ಆಟಿಸಂ ಇದೆಯೆಂದು ಹೇಳಿದ್ದಾರೆ. ನೆಂಟರೊಬ್ಬರು ಯಾರಿಂದಲೋ ಕೇಳಿ, ಮಗುವಿನ ಮನಸ್ಸು ನೆಲೆಗೊಳ್ಳಲೆಂದು ಸಾವಿರಾರು ರೂಪಾಯಿ ಕೊಟ್ಟು ತೂಕದ ಹೊದಿಕೆಯೊಂದನ್ನು ತರಿಸಿಕೊಟ್ಟಿದ್ದಾರೆ. ಸೊಸೆ ಪ್ರತಿ ರಾತ್ರಿ ಅದನ್ನು ಮಗುವಿಗೆ ಹೊದಿಸುತ್ತಾಳೆ, ಮಗು ಅಳುತ್ತದೆ. "ಇದು ಔಷಧವೋ, ಶಿಕ್ಷೆಯೋ ನನಗೆ ತಿಳಿಯುತ್ತಿಲ್ಲ. ಸೊಸೆಯ ಮುಂದೆ ಬಾಯಿಬಿಟ್ಟು ಕೇಳಿದರೆ ಹಳೆಯ ಕಾಲದವಳು ಅಡ್ಡ ಬರುತ್ತಾಳೆ ಎಂದುಕೊಂಡಾಳು. ತಾವಾದರೂ ತಿಳಿಸಿ," ಎಂದು ಆ ತಾಯಿ ಬರೆದಿದ್ದರು.

ಇಂತಹ ಪತ್ರಕ್ಕೆ ಕುಳಿತಲ್ಲಿಂದಲೇ ಉತ್ತರ ಬರೆಯುವುದು ಸರಿಯಲ್ಲವೆನಿಸಿತು. ಮುಂದಿನ ಭಾನುವಾರ ಬಸ್ಸು ಹತ್ತಿ ಭದ್ರಾವತಿಗೆ ಹೋದೆವು. ಇಪ್ಪತ್ತು ಕಿಲೋಮೀಟರಿನಷ್ಟು ದಾರಿ. ಮಳೆಯಿದ್ದುದರಿಂದ ಮುಕ್ಕಾಲು ಗಂಟೆಗೂ ಮಿಕ್ಕಿ ಹಿಡಿಯಿತು.

ನಾವು ಮನೆಯೊಳಗೆ ಕಾಲಿಟ್ಟಾಗ ಮಗು ಎಲ್ಲಿಯೂ ಕಾಣಲಿಲ್ಲ. "ಹೊಸಬರು ಬಂದ ಸದ್ದಾದರೆ ನಡುಮನೆಯಲ್ಲಿ ನಿಲ್ಲುವುದಿಲ್ಲ ಅಣ್ಣಾ," ಎಂದರು ಅಜ್ಜಿ. ಒಳಕೋಣೆಗೆ ಹೋಗಿ ನೋಡಿದರೆ, ಸುತ್ತಿಟ್ಟ ಹಾಸಿಗೆಗೂ ಗೋಡೆಗೂ ನಡುವಿನ ಸಂದಿನಲ್ಲಿ ಹುಡುಗ ಒರಗಿದ್ದ. ತಾತನ ಹಳೆಯ ಕರಿಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಹಾಕಿಕೊಂಡು, ಅದರ ಅಂಚನ್ನು ಬೆರಳುಗಳಿಂದ ತಿಕ್ಕುತ್ತ, ತನ್ನಷ್ಟಕ್ಕೆ ತಾನು ನೆಮ್ಮದಿಯಾಗಿದ್ದ. ಹಣ ಕೊಟ್ಟು ತಂದ ಹೊದಿಕೆ ಮಂಚದ ಕೆಳಗೆ ಬಿದ್ದಿತ್ತು.

ಆ ಹೊದಿಕೆಯನ್ನು ನಾವು ಎತ್ತಿ ನೋಡಿದೆವು. ದೊಡ್ಡವರಿಗೇ ಭಾರವೆನಿಸುವಂತಿತ್ತು. ಮಗುವಿನ ತಂದೆಯ ಜೊತೆಯಲ್ಲಿ ಅದನ್ನು ಬೀದಿಯ ದಿನಸಿ ಅಂಗಡಿಗೆ ಒಯ್ದು ತಕ್ಕಡಿಯಲ್ಲಿಟ್ಟು ತೂಗಿಸಿದೆವು: ಆರು ಕೆ.ಜಿ.ಗೂ ಸ್ವಲ್ಪ ಹೆಚ್ಚು. ಹುಡುಗನ ತೂಕ ಇಪ್ಪತ್ತೆರಡು ಕೆ.ಜಿ. ಅಂದರೆ ತನ್ನ ಮೈತೂಕದ ನಾಲ್ಕನೆಯ ಒಂದು ಪಾಲಿಗೂ ಮೀರಿದ ಭಾರವನ್ನು ಆ ಮಗು ರಾತ್ರಿಯಿಡೀ ಹೊರಬೇಕಾಗಿತ್ತು. ಹೊದಿಕೆಯ ಮೂಲೆಯಲ್ಲಿ ಹೊಲಿದಿದ್ದ ಸಣ್ಣ ಚೀಟಿಯಲ್ಲಿ ಅದು ದೊಡ್ಡವರಿಗೆಂದು ಅಚ್ಚಾಗಿತ್ತು. ಇಂಗ್ಲಿಷಿನ ಆ ಸಣ್ಣ ಅಕ್ಷರಗಳನ್ನು ಮನೆಯಲ್ಲಿ ಯಾರೂ ಓದಿರಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಆ ತಂದೆ ತಲೆತಗ್ಗಿಸಿ ನಿಂತದ್ದನ್ನು ಕಂಡು ನಮಗೂ ಸಂಕಟವಾಯಿತು. ಮಗುವಿನ ಒಳಿತಿಗೆಂದು ಹಣ ಸುರಿದವರೇ ಮಗುವನ್ನು ನೋಯಿಸಿದ್ದರು. ಅದರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ತಿಳಿವಳಿಕೆಯ ಕೊರತೆಯಿತ್ತು, ಅಷ್ಟೆ. ಈ ತಿಂಗಳ ಅಂಕಣವನ್ನು ಈ ವಿಷಯಕ್ಕೇ ಮೀಸಲಿಡಲು ಇದೇ ಕಾರಣ.

ಇದಕ್ಕೆ ಮುನ್ನ ನಮ್ಮದೊಂದು ತಪ್ಪನ್ನೂ ಓದುಗರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ನಾವು ಉಪಾಧ್ಯಾಯರಾಗಿದ್ದ ಕಾಲದಲ್ಲಿ ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಪುಸ್ತಕ ತುಂಬಿದ ಪಾಟಿಚೀಲವನ್ನು ಅವನು ಸದಾ ತೊಡೆಯ ಮೇಲೆಯೇ ಇಟ್ಟುಕೊಂಡು ಕೂರುತ್ತಿದ್ದ. ಅದು ಅಶಿಸ್ತೆಂದು ಬಗೆದು ನಾವು ದಿನವೂ ಚೀಲವನ್ನು ಕೆಳಗಿರಿಸುತ್ತಿದ್ದೆವು. ಚೀಲ ಕೆಳಗಿಳಿದರೆ ಅವನು ಕಾಲು ಕುಣಿಸುವನು, ಬೆಂಚು ಅಲುಗಿಸುವನು, ಪಕ್ಕದವನನ್ನು ತಳ್ಳುವನು. ಅದಕ್ಕೆ ಬೇರೆ ಪೆಟ್ಟು. ಏಳನೆಯ ತರಗತಿಯ ನಂತರ ಅವನು ಶಾಲೆಗೇ ಬರಲಿಲ್ಲ. ಆ ಚೀಲದ ಭಾರವೇ ಅವನನ್ನು ಕೂರಿಸಿ ಹಿಡಿದಿತ್ತೆಂಬುದು ನಮಗೆ ತಿಳಿಯುವ ಹೊತ್ತಿಗೆ ಇಪ್ಪತ್ತು ವರ್ಷ ಕಳೆದಿತ್ತು. ಭದ್ರಾವತಿಯ ಮಗುವಿನ ತೊಡೆಯ ಮೇಲೆ ಕಂಬಳಿಯ ಮಡಿಕೆಯನ್ನು ಕಂಡಾಗ ಮೊದಲು ನೆನಪಾದವನು ಅವನೇ.

ಹಾಗಾದರೆ ಭಾರಕ್ಕೂ ಮನಸ್ಸಿಗೂ ಏನು ಸಂಬಂಧ? ನಮ್ಮ ಚರ್ಮ, ಸ್ನಾಯು, ಕೀಲುಗಳಲ್ಲಿ ಒತ್ತಡವನ್ನೂ ಅಂಗಗಳ ನಿಲುವನ್ನೂ ಅರಿಯುವ ನರತುದಿಗಳಿವೆ. ಕೈ ಎಲ್ಲಿದೆ, ಕಾಲು ಹೇಗೆ ಮಡಿಚಿದೆ, ಮೈ ಯಾವುದಕ್ಕೆ ತಗುಲಿದೆ ಎಂಬ ಸುದ್ದಿಯನ್ನು ಅವು ಎಡೆಬಿಡದೆ ಮೆದುಳಿಗೆ ಮುಟ್ಟಿಸುತ್ತಿರುತ್ತವೆ. ಸೊಳ್ಳೆ ಕುಳಿತಂತಹ ಹಗುರ ಸ್ಪರ್ಶ ನಮ್ಮನ್ನು ಬೆಚ್ಚಿಸುತ್ತದೆ. ಹಿರಿಯರು ಬೆನ್ನಿನ ಮೇಲೆ ಕೈಯಿಟ್ಟು ಒತ್ತಿದರೆ ಅದೇ ಮೈ ಸಡಿಲಗೊಳ್ಳುತ್ತದೆ. ಅಳುವ ಕೂಸನ್ನು ಎದೆಗವಚಿಕೊಳ್ಳುವುದು, ತಟ್ಟಿ ಮಲಗಿಸುವುದು, ಜ್ವರ ಬಂದವರ ಕೈಕಾಲು ಒತ್ತುವುದು ಇವೆಲ್ಲ ನಮ್ಮ ತಾಯಂದಿರು ಶಾಸ್ತ್ರ ಓದದೆಯೇ ಬಲ್ಲ ವಿದ್ಯೆಗಳು. ಕೆಲವು ಮಕ್ಕಳಲ್ಲಿ ಈ ಸುದ್ದಿಗಳ ಹೊಂದಾಣಿಕೆ ಸುಗಮವಾಗಿರುವುದಿಲ್ಲ. ಶಬ್ದ, ಬೆಳಕು, ಬಟ್ಟೆಯ ಉಜ್ಜು ಎಲ್ಲವೂ ಏಕಕಾಲಕ್ಕೆ ಮೇಲೆ ಬಿದ್ದಂತಾಗುತ್ತದೆ. ಅಂತಹವರಲ್ಲಿ ಹಲವರು ಗಟ್ಟಿಯಾದ, ಸಮನಾದ ಒತ್ತಡವನ್ನು ತಾವಾಗಿಯೇ ಹುಡುಕಿಕೊಂಡು ಹೋಗುತ್ತಾರೆ: ಹಾಸಿಗೆಯ ಸಂದಿಗೆ, ಮೂಲೆಗೆ, ಬಿಗಿಯಾದ ಅಪ್ಪುಗೆಗೆ.

ಈ ವಿಚಾರವನ್ನು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಅಮೆರಿಕದ ಎ. ಜೀನ್ ಏರ್ಸ್ ಮೊದಲಿಗರು. ಆಕ್ಯುಪೇಷನಲ್ ಥೆರಪಿ ಎಂಬ ಚಿಕಿತ್ಸಾವಿಧಾನದಲ್ಲಿ ಪರಿಣತರಾಗಿದ್ದ ಅವರು ಇಂದ್ರಿಯಗಳ ಸಮನ್ವಯವನ್ನು ಕುರಿತ ತಮ್ಮ ಗ್ರಂಥವನ್ನು 1972ರಲ್ಲಿ ಪ್ರಕಟಿಸಿದರು. ಇಲ್ಲಿ ಆಕ್ಯುಪೇಷನ್ ಎಂದರೆ ಸಂಬಳದ ನೌಕರಿಯಲ್ಲ. ಉಣ್ಣುವುದು, ಉಡುವುದು, ಬರೆಯುವುದು, ಆಡುವುದು ಮೊದಲಾದ ದಿನದಿನದ ಕೆಲಸಗಳು. ಕಾಯಕವೆಂಬ ಮಾತನ್ನರಿತ ನಮ್ಮವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮತ್ತೊಬ್ಬರು ಟೆಂಪಲ್ ಗ್ರ್ಯಾಂಡಿನ್. 1947ರಲ್ಲಿ ಜನಿಸಿದ ಈ ಮಹಿಳೆಗೆ ಸ್ವತಃ ಆಟಿಸಂ ಇದೆ. ಪಶುವಿಜ್ಞಾನದ ಪ್ರಾಧ್ಯಾಪಕಿಯಾಗಿ ಜಗತ್ತಿಗೆ ಪರಿಚಿತರಾದವರು. ಹುಡುಗಿಯಾಗಿದ್ದಾಗ ಚಿಕ್ಕಮ್ಮನ ದನದ ಹೊಲದಲ್ಲಿ ಅವರೊಂದು ಸಂಗತಿಯನ್ನು ಗಮನಿಸಿದರು. ಚುಚ್ಚುಮದ್ದು ಹಾಕುವಾಗ ದನಗಳನ್ನು ಎರಡು ಹಲಗೆಗಳ ನಡುವೆ ಒತ್ತಿ ಹಿಡಿದರೆ ಅವುಗಳಲ್ಲಿ ಕೆಲವು ಗಾಬರಿ ಬಿಟ್ಟು ಸುಮ್ಮನಾಗುತ್ತಿದ್ದವು. ಅದನ್ನೇ ನೋಡಿ, ತಮ್ಮ 18ನೆಯ ವಯಸ್ಸಿನಲ್ಲಿ, ಮೈಯನ್ನು ಎರಡು ಕಡೆಯಿಂದ ಅವಚುವ ಯಂತ್ರವೊಂದನ್ನು ತಮಗಾಗಿ ಕಟ್ಟಿಕೊಂಡರು. ಅಪ್ಪುಗೆಯನ್ನು ಸಹಿಸಲಾಗದಿದ್ದ ಅವರಿಗೆ ಅದರಿಂದ ನೆಮ್ಮದಿ ದೊರೆಯಿತು. ಇದರಲ್ಲಿ ನಾವು ಮರೆಯಬಾರದ ಅಂಶವೆಂದರೆ, ಒತ್ತಡವನ್ನು ಹೆಚ್ಚಿಸುವ, ತಗ್ಗಿಸುವ, ನಿಲ್ಲಿಸುವ ಹಿಡಿಕೆ ಅವರ ಕೈಯಲ್ಲಿಯೇ ಇತ್ತು. ಬೇರೆ ಯಾರೂ ಅವರನ್ನು ಒತ್ತುತ್ತಿರಲಿಲ್ಲ.

ಇಂದು ಪೇಟೆಯಲ್ಲಿ ತೂಕದ ಹೊದಿಕೆ, ತೊಡೆದಿಂಬು, ಹೆಗಲಪಟ್ಟಿ, ಜಾಕೀಟು ಎಲ್ಲವೂ ಸಿಗುತ್ತವೆ. ಗಾಜಿನ ಸಣ್ಣ ಮಣಿಗಳನ್ನೋ ಪ್ಲಾಸ್ಟಿಕ್ ಹರಳುಗಳನ್ನೋ ಚಿಕ್ಕ ಚಿಕ್ಕ ಚೌಕಗಳಲ್ಲಿ ತುಂಬಿ ಹೊಲಿದಿರುತ್ತಾರೆ. ಇವುಗಳಿಂದ ಆಗುವ ಪ್ರಯೋಜನವೆಷ್ಟು? ಜಾಹೀರಾತನ್ನು ಬದಿಗಿಟ್ಟು ಸಂಶೋಧನೆಗಳು ಹೇಳುವುದನ್ನು ನೋಡೋಣ.

2014ರಲ್ಲಿ ಇಂಗ್ಲೆಂಡಿನ ವೈದ್ಯರು ಆಟಿಸಂ ಇರುವ 67 ಮಕ್ಕಳ ಮೇಲೆ ನಡೆಸಿದ ಪರೀಕ್ಷೆಯ ಫಲ ಪ್ರಕಟವಾಯಿತು. ಪ್ರತಿ ಮಗುವಿಗೂ ಕೆಲವು ದಿನ ತೂಕದ ಹೊದಿಕೆ, ಕೆಲವು ದಿನ ಸಾಧಾರಣ ಹೊದಿಕೆ. ಯಂತ್ರದಿಂದ ಅಳೆದು ನೋಡಿದಾಗ ತೂಕದ ಹೊದಿಕೆಯಿಂದ ನಿದ್ರೆಯ ಒಟ್ಟು ಅವಧಿ ಹೆಚ್ಚಲಿಲ್ಲ. ಆದರೂ ಮಕ್ಕಳೂ ತಂದೆತಾಯಿಗಳೂ ತೂಕದ ಹೊದಿಕೆಯನ್ನೇ ಹೆಚ್ಚು ಮೆಚ್ಚಿದರು. ಈ ಎರಡು ಮಾತುಗಳನ್ನೂ ಒಟ್ಟಿಗೆ ನೆನಪಿನಲ್ಲಿಡಬೇಕು.

ದೊಡ್ಡವರಲ್ಲಿ ಫಲ ಬೇರೆಯಾಗಿದೆ. 2020ರಲ್ಲಿ ಸ್ವೀಡನ್ ದೇಶದಲ್ಲಿ, ಖಿನ್ನತೆ, ಆತಂಕ ಮೊದಲಾದ ಮಾನಸಿಕ ತೊಂದರೆಗಳ ಜೊತೆಗೆ ನಿದ್ರಾಹೀನತೆಯೂ ಇದ್ದ 120 ಮಂದಿಯನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದ ವರದಿ ಬಂದಿತು. ಒಂದು ಗುಂಪಿಗೆ 6ರಿಂದ 8 ಕೆ.ಜಿ.ಯ ಹೊದಿಕೆ, ಇನ್ನೊಂದಕ್ಕೆ ಒಂದೂವರೆ ಕೆ.ಜಿ.ಯದು. ನಾಲ್ಕು ವಾರಗಳಲ್ಲಿ ಭಾರದ ಹೊದಿಕೆ ಹೊದೆದವರ ಪೈಕಿ ನೂರಕ್ಕೆ ಸುಮಾರು 59 ಮಂದಿಯ ನಿದ್ರಾತೊಂದರೆ ಅರ್ಧಕ್ಕೂ ಕಡಿಮೆಯಾಯಿತು. ಹಗುರ ಹೊದಿಕೆಯವರಲ್ಲಿ ಇದು ನೂರಕ್ಕೆ ಸುಮಾರು 5 ಮಾತ್ರ. ಆದರೆ ತಾನು ಹೊದೆದದ್ದು ಭಾರವೋ ಹಗುರವೋ ಎಂಬುದು ಹೊದೆದವನಿಗೆ ತಿಳಿದೇ ತಿಳಿಯುತ್ತದೆ. ನಂಬಿಕೆಯಿಂದ ಬಂದ ಗುಣವೆಷ್ಟು, ಭಾರದಿಂದ ಬಂದುದೆಷ್ಟು ಎಂದು ಬೇರ್ಪಡಿಸುವುದು ಇಂತಹ ಪರೀಕ್ಷೆಗಳಲ್ಲಿ ಕಷ್ಟ.

ಇನ್ನು ಏಕಾಗ್ರತೆಯ ವಿಷಯ. ತರಗತಿಯಲ್ಲಿ ತೂಕದ ಜಾಕೀಟು ತೊಡಿಸಿದರೆ ಮಗು ಪಾಠದ ಕಡೆ ಗಮನ ಕೊಡುತ್ತದೆಯೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. 2009ರಲ್ಲಿ ಆಸ್ಟ್ರೇಲಿಯದ ತಜ್ಞರು ಅದುವರೆಗಿನ ಅಧ್ಯಯನಗಳನ್ನೆಲ್ಲ ಕಲೆಹಾಕಿ ನೋಡಿ, ಜಾಕೀಟು ಪರಿಣಾಮಕಾರಿಯೆಂದು ಹೇಳಲಾಗದೆಂದರು. ಇಂದ್ರಿಯ ಸಮನ್ವಯದ ಚಿಕಿತ್ಸೆಗಳಿಗೆ ಆಧಾರ ಸೀಮಿತವಾಗಿದೆಯೆಂಬುದನ್ನು ತಂದೆತಾಯಿಗಳಿಗೆ ತಿಳಿಸಬೇಕೆಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2012ರಲ್ಲಿ ವೈದ್ಯರಿಗೆ ಸೂಚಿಸಿತು. ಹಾಗೆಂದು ನಮ್ಮ ಪಾಟಿಚೀಲದ ಹುಡುಗ ಸುಳ್ಳಾಗುವುದಿಲ್ಲ. ಒಬ್ಬನಿಗೆ ಒಗ್ಗಿದ್ದು ಇನ್ನೊಬ್ಬನಿಗೆ ಒಗ್ಗದಿರಬಹುದು. ಒಟ್ಟಿನಲ್ಲಿ ತೂಕದ ಸಾಧನವೆಂಬುದು ಸಮಾಧಾನದ ಒಂದು ಆಸರೆ. ಆಟಿಸಂ ಆಗಲಿ, ಎ.ಡಿ.ಎಚ್.ಡಿ. ಆಗಲಿ ಇದರಿಂದ ವಾಸಿಯಾಗುತ್ತದೆಯೆಂದು ಯಾರಾದರೂ ಹೇಳಿದರೆ ಅಂಥವರ ಮಾತಿಗೆ ಹಣ ಸುರಿಯಬೇಡಿ.

ಈಗ ಅಪಾಯದ ಮಾತು. ಇದನ್ನು ಓದುಗರು ಎರಡು ಬಾರಿ ಓದಬೇಕೆಂದು ನಮ್ಮ ಕೋರಿಕೆ. 2008ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಶಾಲೆಯೊಂದರಲ್ಲಿ ಆಟಿಸಂ ಇದ್ದ ಒಂಬತ್ತು ವರ್ಷದ ಬಾಲಕನನ್ನು ಸುಮ್ಮನಾಗಿಸಲು ತೂಕದ ಹೊದಿಕೆಯಲ್ಲಿ ಸುತ್ತಿದರು. ಆ ಬಾಲಕ ಉಸಿರುಗಟ್ಟಿ ತೀರಿಕೊಂಡ. ಹಸುಗೂಸುಗಳಿಗೆ ತೂಕದ ಹೊದಿಕೆ, ತೂಕದ ಉಡುಪು ಯಾವುದೂ ಕೂಡದೆಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2022ರಲ್ಲಿ ಸ್ಪಷ್ಟವಾಗಿ ಸಾರಿದೆ. ಆದುದರಿಂದ ಹಸುಗೂಸುಗಳ ಮತ್ತು ತೀರ ಚಿಕ್ಕ ಮಕ್ಕಳ ಬಳಿಗೆ ಇದು ಸುಳಿಯಲೇಬಾರದು. ತನ್ನ ಕೈಯಿಂದ ತಾನೇ ಹೊದಿಕೆಯನ್ನು ಸರಿಸಲಾರದ ಮಗುವಿಗೆ, ಎಷ್ಟೇ ದೊಡ್ಡದಾಗಿದ್ದರೂ, ಹೊದಿಸಬಾರದು. ಮುಖ, ತಲೆ, ಕೊರಳು ಮುಚ್ಚಬಾರದು. ಸುತ್ತಬಾರದು, ಕಟ್ಟಬಾರದು. ಉಬ್ಬಸ, ಮೂರ್ಛೆ, ಹೃದಯದ ತೊಂದರೆ, ನಿದ್ರೆಯಲ್ಲಿ ಉಸಿರು ನಿಲ್ಲುವ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಮನೆಯ ಹಿರಿಯರಿಗೂ ಈ ಮಾತು ಸಲ್ಲುತ್ತದೆ: ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು, ಮೂಳೆ ಸವೆದವರು, ರಾತ್ರಿ ಎದ್ದು ಓಡಾಡಲು ಕಷ್ಟಪಡುವವರು ನಿದ್ರೆ ಬರಲೆಂದು ಭಾರ ಹೊದೆಯುವುದು ಕ್ಷೇಮವಲ್ಲ.

ತೂಕವೆಷ್ಟಿರಬೇಕು? ಮೈತೂಕದ ಹತ್ತರಲ್ಲೊಂದು ಪಾಲು ಎಂಬ ಲೆಕ್ಕ ಬಳಕೆಯಲ್ಲಿದೆ. ಇದು ಅನುಭವದಿಂದ ಬಂದ ಲೆಕ್ಕವೇ ಹೊರತು ಶಾಸ್ತ್ರವಾಕ್ಯವಲ್ಲ. ಭದ್ರಾವತಿಯ ಮಗುವಿಗೆ ಈ ಲೆಕ್ಕದಲ್ಲಿ ಎರಡು ಕೆ.ಜಿ.ಯ ಸುತ್ತಮುತ್ತ ಆಗುತ್ತದೆ. ಅಲ್ಲಿಗೆ, ತಂದ ಹೊದಿಕೆ ಮೂರು ಪಟ್ಟು ಭಾರ. ತಾತನ ಕಂಬಳಿಯನ್ನೂ ಕುತೂಹಲಕ್ಕೆ ತೂಗಿಸಿದೆವು. ಅದು ಎರಡು ಕೆ.ಜಿ.ಗೆ ಸ್ವಲ್ಪ ಕಡಿಮೆ ತೂಗಿತು. ಯಾವ ತಕ್ಕಡಿಯೂ ಇಲ್ಲದೆ ಮಗು ತನಗೆ ಬೇಕಾದುದನ್ನು ತಾನೇ ಆರಿಸಿಕೊಂಡಿತ್ತು!

ಹಗಲಿನ ಬಳಕೆಗೆ, ಅದರಲ್ಲಿಯೂ ಓದುವಾಗ, ಬರೆಯುವಾಗ, ಊಟಕ್ಕೆ ಕುಳಿತಾಗ ತೊಡೆದಿಂಬೇ ಅನುಕೂಲ. ಬೇಸಿಗೆಯಲ್ಲಿ ಭದ್ರಾವತಿಯ ಸೆಕೆಗೆ ಇಡೀ ಮೈ ಮುಚ್ಚುವ ಹೊದಿಕೆ ಹಿಂಸೆಯೇ ಸರಿ. ತೊಡೆದಿಂಬನ್ನು ಮನೆಯಲ್ಲಿಯೇ ಹೊಲಿಯಬಹುದು. ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಗಟ್ಟಿ ಹತ್ತಿಬಟ್ಟೆಯನ್ನು ಎರಡು ಪದರ ಮಾಡಿ, ಕೌದಿಗೆ ಹೊಲಿಗೆ ಹಾಕುವಂತೆ ಮೂರು ಮೂರು ಅಂಗುಲದ ಚೌಕಗಳಾಗಿ ಹೊಲಿಯಿರಿ. ಪ್ರತಿ ಚೌಕದಲ್ಲಿಯೂ ಸಮನಾಗಿ ತುಂಬಿ ಬಾಯಿ ಮುಚ್ಚಿದರೆ ಭಾರ ಒಂದೇ ಕಡೆ ಜಾರುವುದಿಲ್ಲ. ತುಂಬಲು ರಾಗಿ, ಹುರುಳಿ ಆದೀತೆಂದು ಕೆಲವರು ಹೇಳುತ್ತಾರೆ. ನಮ್ಮ ಆಷಾಢ–ಶ್ರಾವಣದ ಥಂಡಿಗೆ ಧಾನ್ಯ ಬೂಷ್ಟು ಹಿಡಿಯುತ್ತದೆ, ಹುಳು ಬೀಳುತ್ತದೆ. ತೊಳೆದು ಚೆನ್ನಾಗಿ ಬಿಸಿಲಿಗೆ ಒಣಗಿಸಿದ ಸಣ್ಣ ಕಲ್ಲು ಅಥವಾ ಪೇಟೆಯಲ್ಲಿ ಸಿಗುವ ಮಣಿ ಲೇಸು. ಅರ್ಧ ಕೆ.ಜಿ.ಯಿಂದ ಆರಂಭಿಸಿ, ಇಪ್ಪತ್ತು ಕೆ.ಜಿ. ತೂಗುವ ಮಗುವಿಗೆ ಒಂದು ಕೆ.ಜಿ. ದಾಟುವುದು ಬೇಡ. ಮೇಲೊಂದು ತೆಗೆದು ಒಗೆಯುವಂತಹ ಗವುಸು ಇರಲಿ. ಹೊಲಿಗೆ ಬಿಚ್ಚಿದರೆ ಒಳಗಿನ ಕಾಳು ಚಿಕ್ಕ ಮಕ್ಕಳ ಬಾಯಿಗೆ ಹೋದೀತು. ವಾರಕ್ಕೊಮ್ಮೆ ಹೊಲಿಗೆ ನೋಡಿ. ಹದಿನೈದು ಇಪ್ಪತ್ತು ನಿಮಿಷ ಇಟ್ಟು ತೆಗೆಯಿರಿ. ಸದಾ ಇದ್ದರೆ ಮೈಗೆ ಅದು ರೂಢಿಯಾಗಿ ಅದರ ಗುಣ ತಿಳಿಯದಂತಾಗುತ್ತದೆ.

ಇದಕ್ಕಿಂತ ಸುಲಭವಾದ, ಖರ್ಚೇ ಇಲ್ಲದ ದಾರಿಯೊಂದಿದೆ. ಸ್ನಾಯು, ಕೀಲುಗಳಿಗೆ ದುಡಿಮೆ ಕೊಡುವ ಕೆಲಸಗಳನ್ನು ಇಂತಹ ಮಕ್ಕಳ ದಿನಚರಿಯಲ್ಲಿ ಸೇರಿಸಬೇಕೆಂದು ಥೆರಪಿಸ್ಟರು ಸೂಚಿಸುತ್ತಾರೆ. ನಮ್ಮ ಮನೆಗಳಲ್ಲಿ ಇಂತಹ ಕೆಲಸಗಳಿಗೆ ಬರವೇ? ರೊಟ್ಟಿಯ ಹಿಟ್ಟು ನಾದುವುದು, ಹಿತ್ತಲಿನ ಗಿಡಗಳಿಗೆ ಸಣ್ಣ ಬಿಂದಿಗೆಯಲ್ಲಿ ನೀರು ಹೊರುವುದು, ಒದ್ದೆ ಬಟ್ಟೆ ಹಿಂಡುವುದು, ಹಾಸಿಗೆ ಸುತ್ತುವುದು, ಅಂಗಡಿಯಿಂದ ದಿನಸಿಯ ಚೀಲ ತರುವುದು. ಮಗುವಿನ ಶಕ್ತಿಗೆ ತಕ್ಕಷ್ಟು ಮಾಡಿಸಿ, ಮಾಡಿದ್ದನ್ನು ಮೆಚ್ಚಿ ಮಾತನಾಡಿ. ಕೆಲಸಕ್ಕೆ ಬಾರದವನೆಂದು ಎಲ್ಲರ ಬಾಯಲ್ಲಿ ಕೇಳಿಸಿಕೊಂಡ ಮಗುವಿಗೆ ತನ್ನಿಂದ ಮನೆಗೆ ಉಪಯೋಗವಾಯಿತೆಂಬ ತೃಪ್ತಿಯೂ ದೊರೆಯುತ್ತದೆ.

ಅಜ್ಜಿ ಕೇಳಿದ ಇನ್ನೊಂದು ಪ್ರಶ್ನೆ ನಮ್ಮ ಸಮಾಜದ ಮನೆಗಳಿಗೆ ಹತ್ತಿರದ್ದು. "ಲಿಂಗದ ಕರಡಿಗೆಯನ್ನು ಕೊರಳಿಗೆ ಹಾಕಿದರೆ ಕಿತ್ತೊಗೆಯುತ್ತಾನೆ, ವಿಭೂತಿ ಹಚ್ಚಿದರೆ ಒರೆಸಿಕೊಳ್ಳುತ್ತಾನೆ. ಅಪಚಾರವಲ್ಲವೇ ಅಣ್ಣಾ?" ಎಂದು ಅವರು ಕಣ್ಣೊರೆಸಿಕೊಂಡರು. ಹಗುರ ಸ್ಪರ್ಶ ಬೆಚ್ಚಿಸುತ್ತದೆಯೆಂದು ಮೇಲೆ ಹೇಳಿದೆವಷ್ಟೆ. ಕೊರಳ ಮೇಲೆ ಸುಳಿದಾಡುವ ಶಿವದಾರ, ಹಣೆಯ ಮೇಲೆ ಒಣಗಿ ಬಿಗಿಯುವ ವಿಭೂತಿ ಅಂತಹ ಮಗುವಿಗೆ ಇರುವೆ ಹರಿದಂತೆ ಆಗುತ್ತಿರಬಹುದು. ಅದು ಅಪಚಾರವಲ್ಲ, ಅಸಹನೀಯ ಕಿರಿಕಿರಿ. ಮೆತ್ತನೆಯ ಹತ್ತಿಯ ದಾರ, ಅಂಗಿಯ ಮೇಲಿಂದ ಧರಿಸುವುದು, ಪೂಜೆಯ ಹೊತ್ತಿಗಷ್ಟೇ ಕೊಡುವುದು ಹೀಗೆ ಏನಾದರೊಂದು ದಾರಿಯನ್ನು ತಮ್ಮ ಗುರುಗಳೊಡನೆ ಮಾತನಾಡಿ ಕಂಡುಕೊಳ್ಳಬಹುದು. ಪೂಜೆಗೆ ಕೂರಿಸಿದರೆ ಚಂಚಲತೆ ಹೋಗುವುದೇ ಎಂದೂ ಅವರು ಕೇಳಿದರು. ಇಷ್ಟಲಿಂಗಪೂಜೆಯನ್ನು ಔಷಧದಂತೆ ಅಳೆಯುವುದು ನಮಗೆ ಒಪ್ಪಿಗೆಯಿಲ್ಲ. ಮನೆಯವರು ಪೂಜೆಗೆ ಕುಳಿತಾಗ ಮಗು ತನಗೆ ಬೇಕಾದಷ್ಟು ಹೊತ್ತು, ಬೇಕಾದ ರೀತಿಯಲ್ಲಿ ಪಕ್ಕದಲ್ಲಿದ್ದರೆ ಸಾಕು. ಎದ್ದುಹೋದರೆ ಕರೆದು ಗದರಿಸಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ ಮೊದಲ ಹೆಜ್ಜೆ ವೈದ್ಯರದೇ. ಮಗುವಿನ ತೊಂದರೆಯೇನೆಂದು ಗೊತ್ತಾಗದೆ ಹೊದಿಕೆ ಕೊಳ್ಳುವುದು ಬೇಡ. ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ವಿಚಾರಿಸಬಹುದು. ಹೆಚ್ಚಿನ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್, ಮಾತಿನ ತೊಂದರೆಯಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಗುರುತಿಸಿದ 21 ಬಗೆಯ ನ್ಯೂನತೆಗಳಲ್ಲಿ ಆಟಿಸಂ ಸಹ ಸೇರಿದೆ. ಪ್ರಮಾಣಪತ್ರ ಮಾಡಿಸಿದರೆ ಮಗುವಿಗೆ ಕಳಂಕ ಹತ್ತುತ್ತದೆಯೆಂದು ಎಷ್ಟೋ ಮನೆಗಳು ಹಿಂಜರಿಯುತ್ತವೆ. ಅದು ಕಳಂಕವಲ್ಲ, ಶಾಲೆಯಲ್ಲಿ, ಮುಂದೆ ಜೀವನದಲ್ಲಿ ಮಗುವಿಗೆ ಸಲ್ಲಬೇಕಾದುದನ್ನು ಪಡೆಯಲು ಇರುವ ದಾರಿ.

ಆ ದಿನ ಸಂಜೆ ಹೊರಡುವ ಮುನ್ನ ಮಗುವಿನ ತಾಯಿ ನಮ್ಮೊಡನೆ ಮಾತನಾಡಿದಳು. "ನಾನು ಹೊದಿಸಿದಾಗಲೆಲ್ಲ ಅವನು ಅತ್ತ. ಅಭ್ಯಾಸವಾಗುವವರೆಗೆ ಬಿಡಬಾರದು ಎಂದು ಹೇಳಿದ್ದರು. ಅದಕ್ಕೇ ಹಿಡಿದುಕೊಂಡಿದ್ದೆ," ಎಂದಳು. ಹೇಳುವಾಗ ಅವಳ ದನಿ ನಡುಗುತ್ತಿತ್ತು. ಇದುವರೆಗೆ ಬಾಯಿಬಿಡದಿದ್ದ ಅತ್ತೆ ಅವಳ ಪಕ್ಕಕ್ಕೆ ಬಂದು ಕುಳಿತು, "ನೀನೊಬ್ಬಳೇ ಎಷ್ಟೂಂತ ಹೊರುತ್ತೀಯವ್ವ?" ಎಂದರು. ಆ ಮನೆಯಲ್ಲಿ ಭಾರ ಇದ್ದುದು ಮಗುವಿನ ಮೇಲೆ ಮಾತ್ರವಲ್ಲವೆಂಬುದು ನಮಗೆ ಆಗ ಹೊಳೆಯಿತು. ಇಂತಹ ಮಗುವಿನ ತಾಯಿಗೆ ರಾತ್ರಿಯ ನಿದ್ರೆಯಿಲ್ಲ, ಹಗಲಿನಲ್ಲಿ ನೆಂಟರ ಮಾತಿನಿಂದ ಬಿಡುಗಡೆಯಿಲ್ಲ. ವಾರದಲ್ಲಿ ಎರಡು ಸಂಜೆ ಅಜ್ಜಿಯೋ ಚಿಕ್ಕಪ್ಪನೋ ಮಗುವನ್ನು ನೋಡಿಕೊಂಡು ಅವಳಿಗೆ ಬಿಡುವು ಕೊಟ್ಟರೆ, ಯಾವ ಪೇಟೆಯ ಸಾಧನಕ್ಕೂ ಮಿಗಿಲಾದ ಉಪಕಾರವಾದೀತು.

ಎರಡು ತಿಂಗಳ ನಂತರ ಅಜ್ಜಿಯಿಂದ ಮತ್ತೊಂದು ಪತ್ರ ಬಂದಿದೆ. ಭಾರದ ಹೊದಿಕೆಯನ್ನು ಮಡಿಚಿ ಅಟ್ಟಕ್ಕೆ ಹಾಕಿದ್ದಾರೆ. ತಾತನ ಕಂಬಳಿ ಈಗ ಮೊಮ್ಮಗನದೇ. ಬೇಕಾದಾಗ ಎಳೆದುಕೊಳ್ಳುತ್ತಾನೆ, ಬೇಡವಾದಾಗ ಒದೆಯುತ್ತಾನೆ, ಯಾರೂ ಕೇಳುವುದಿಲ್ಲ. ಶಾಲೆಯ ಉಪಾಧ್ಯಾಯಿನಿಯೊಡನೆ ತಂದೆ ಮಾತನಾಡಿ, ತಾಯಿ ಹೊಲಿದ ತೊಡೆದಿಂಬನ್ನು ಒಯ್ಯಲು ಒಪ್ಪಿಗೆ ಪಡೆದಿದ್ದಾರೆ. ಪಾಠದಲ್ಲಿ ಅಂತಹ ಬದಲಾವಣೆಯೇನೂ ಆಗಿಲ್ಲ. ಕುಕ್ಕರು ಕೂಗಿದರೆ ಈಗಲೂ ಓಡುತ್ತಾನೆ. ಆದರೆ ಶ್ರಾವಣದಲ್ಲಿ ಮಠದ ದಾಸೋಹಕ್ಕೆ ಹೋದಾಗ ತೊಡೆಯ ಮೇಲೆ ಆ ದಿಂಬನ್ನಿಟ್ಟುಕೊಂಡು ಪಂಕ್ತಿಯಲ್ಲಿ ಕುಳಿತು, ಪಾಯಸ ಬರುವವರೆಗೆ ಎದ್ದಿಲ್ಲವಂತೆ. ಪಾಯಸ ಉಂಡವನೇ ಹೊರಗೋಡಿದ. ತಾಯಿಯೂ ಹಿಂದೆಯೇ ಹೋದಳು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಗೊಣಗಲು ಹೊರಟಾಗ, "ನಮ್ಮ ಹುಡುಗ ಇವತ್ತು ಪೂರ್ತಿ ಊಟ ಮಾಡಿದ ಕಣ್ರೀ," ಎಂದು ಅಜ್ಜಿ ಹೇಳಿದರಂತೆ.

ಆ ಹಿರಿಯರ ಜಾಗದಲ್ಲಿ ಒಂದು ಕಾಲಕ್ಕೆ ನಾವೂ ಇದ್ದೆವು. ಮದುವೆಮನೆಯಲ್ಲಿ, ಮಠದಲ್ಲಿ, ತರಗತಿಯಲ್ಲಿ ಇಂತಹ ಮಗುವನ್ನು ಕಂಡಾಗ ಗೊಣಗುವ ಮುನ್ನ ಆ ಮಗು ಏನನ್ನು ಹುಡುಕುತ್ತಿದೆಯೆಂದು ಒಂದು ಕ್ಷಣ ನೋಡಿ. ನಿಮ್ಮ ಮನೆಯಲ್ಲಿಯೂ ಇಂತಹ ಅನುಭವವಿದ್ದರೆ ನಮಗೆ ಬರೆಯಿರಿ, ಹೆಸರನ್ನು ಗೋಪ್ಯವಾಗಿಡುತ್ತೇವೆ.